ಅನಧ್ಯಯನದ ದಿನ ಕೆಡದ ಕಂಪ್ಯೂಟರ್

ಕಂಪ್ಯೂಟರ್ ತಾನಾಗಿಯೇ ಆರಿಹೋಗುತ್ತಿದೆ ಎಂದು ಘನಪಾಠಿಗಳ ಸೊಸೆ ಸೋನಾರ್‌ಪುರದ ನನ್ನ ಅಂಗಡಿಗೆ ಬಂದು ಹೇಳಿದಾಗ ನಾನು ತಲೆ ಕೂಡ ಎತ್ತದೆ "ವೋಲ್ಟೇಜ್" ಎಂದೆ. ಕಾಶಿಯ ಬೇಸಿಗೆಯಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಬೈಯಬೇಕಾದದ್ದು ವಿದ್ಯುತ್ತನ್ನೇ. ಈ ಊರಿನಲ್ಲಿ ಅದು ತನಗೆ ಮನಸ್ಸು ಬಂದಾಗ ಬರುತ್ತದೆ, ಬಂದಾಗಲೂ ಅರ್ಧ ಮನಸ್ಸಿನಿಂದ ಬರುತ್ತದೆ.

"ವೋಲ್ಟೇಜ್ ಅಲ್ಲ ಅಣ್ಣಾ. ಸ್ಟೆಬಿಲೈಸರ್ ಇದೆ, ಯುಪಿಎಸ್ ಇದೆ. ಮಾವ ಪಾಠ ಹೇಳೋಕೆ ಕೂತು ಸ್ವಲ್ಪ ಹೊತ್ತು ಆಗಿರುತ್ತೆ, ಖಟ್ ಅಂತ ಬಂದ್."

"ಸರಿ, ನಡೀರಿ. ಈಗಲೇ ನೋಡ್ತೀನಿ."

"ಈಗ ಬೇಡ. ಅಷ್ಟಮಿ ದಿನ ಬನ್ನಿ. ಅವತ್ತು ಅನಧ್ಯಯನ, ಮೆಷೀನ್ ಖಾಲಿ ಇರುತ್ತೆ."

ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ. ಈ ತಿಥಿಗಳಲ್ಲಿ ವೇದಪಾಠ ನಡೆಯುವುದಿಲ್ಲ, ಅದಕ್ಕೇ ಅನಧ್ಯಯನ ಎನ್ನುತ್ತಾರೆ. ಯಾತ್ರಿಕರಿಗೆ ಕರ್ಮ ಮಾಡಿಸುವ ಪುರೋಹಿತರ ಮನೆಯಲ್ಲೇ ಹುಟ್ಟಿದ ನನಗೆ ಇದು ಗೊತ್ತಿರಲೇಬೇಕಿತ್ತು. ಮದರ್‌ಬೋರ್ಡುಗಳ ಸಹವಾಸದಲ್ಲಿ ತಿಥಿಗಳು ಮರೆತೇ ಹೋಗಿದ್ದವು.

ಘನಪಾಠಿಗಳೆಂದರೆ ಬಂಗಾಲಿ ಟೋಲಾ ಕೇರಿಯ ನಮ್ಮ ಕನ್ನಡದ ನಾಲ್ಕಾರು ಮನೆಗಳಿಗೆಲ್ಲ ಹಿರಿಯರು. ವೇದದ ಪದಗಳನ್ನು ಹಿಂದಕ್ಕೂ ಮುಂದಕ್ಕೂ ಹೆಣೆದು, ಒಂದು ಸ್ವರ ಕೂಡ ಜಾರದ ಹಾಗೆ ಬಾಯಿಪಾಠದಲ್ಲೇ ಹೇಳುವುದಕ್ಕೆ ಘನಪಾಠ ಎಂದು ಹೆಸರು. ಅವರ ಮನೆತನದ ಉಚ್ಚಾರಣೆಯ ಪದ್ಧತಿಯನ್ನು ಬಲ್ಲವರು ಕಾಶಿಯಲ್ಲಿ ಅವರೊಬ್ಬರೇ ಉಳಿದಿದ್ದರು. ಇಬ್ಬರು ಶಿಷ್ಯರು ಅರ್ಧ ದಾರಿಗೆ ಬಂದಿದ್ದರು. ಅಷ್ಟರಲ್ಲಿ ಗುರುಗಳ ಗಂಟಲಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಜ್ಯೇಷ್ಠ ಶುದ್ಧ ದಶಮಿಯ ಗಂಗಾ ದಸರಾ ಹಬ್ಬ ಕಳೆದ ಕೂಡಲೇ ಆಪರೇಷನ್ ಎಂದು ಡಾಕ್ಟರರು ದಿನ ಗೊತ್ತು ಮಾಡಿದರು. ಗಂಟು ಹೋಗುತ್ತದೆ, ಆದರೆ ಧ್ವನಿ ಉಳಿಯುತ್ತದೆ ಎಂದು ಮಾತು ಕೊಡಲಾರೆವು ಎಂದರು. ಅಲ್ಲಿಯವರೆಗೆ ಮೆಲ್ಲಗೆ ಹೇಳಬಹುದು, ಸ್ವರ ಏರಿಸಕೂಡದು ಎಂದೂ ಕಟ್ಟುಮಾಡಿದರು.

ಯಂತ್ರದೊಳಗೆ ವೇದ ತುಂಬುವುದೆಂದರೆ ಅಲ್ಲಿಯವರೆಗೂ ಮುಖ ಸಿಂಡರಿಸುತ್ತಿದ್ದ ಮನುಷ್ಯ, ಆ ಇಬ್ಬರು ಶಿಷ್ಯರಿಗೆ ಬಾಕಿ ಉಳಿದಿದ್ದ ಪಾಠವನ್ನು ಧ್ವನಿಮುದ್ರಣ ಮಾಡಿಡಲು ಒಪ್ಪಿಕೊಂಡರು. ಕಾಶಿಯಲ್ಲಿರುವ ನಮ್ಮ ಮಠದವರು ತಮ್ಮ ಕಚೇರಿಯ ಹಳೆಯ ಕಂಪ್ಯೂಟರನ್ನು ಕಳಿಸಿಕೊಟ್ಟಿದ್ದರು. ಸೊಸೆ ಮುದ್ರಣದ ಕೆಲಸವನ್ನು ತಾನೇ ಕಲಿತುಕೊಂಡು ಶುರು ಮಾಡಿದ್ದಳು. ಘನಪಾಠಿಗಳ ಮಗ ಯಾತ್ರಿಕರನ್ನು ಕರೆದುಕೊಂಡು ಬೆಳಗಾದರೆ ಮಣಿಕರ್ಣಿಕೆ, ಸಂಜೆಯಾದರೆ ರೈಲು ನಿಲ್ದಾಣ ಎಂದು ಓಡಾಡುವವ. ಹಾಗಾಗಿ ಎಲ್ಲ ಆಕೆಯ ತಲೆಯ ಮೇಲೆಯೇ.

ಅಷ್ಟಮಿಯ ದಿನ ಹೋದೆ. ಎತ್ತರದ ಸೂರಿನ, ದಪ್ಪ ಗೋಡೆಯ ಕೋಣೆ, ಕಿಟಕಿ ತೆರೆದಿತ್ತು, ಕೂಲರ್ ಗುರುಗುಟ್ಟುತ್ತಿತ್ತು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದೆ. ಪ್ರೊಸೆಸರಿನ ಶಾಖವನ್ನು ಹೀರಿಕೊಳ್ಳಲು ಅದರ ಮೇಲೆ ಕೂರಿಸಿರುವ ಅಲ್ಯೂಮಿನಿಯಮ್ ಹೀಟ್‌ಸಿಂಕಿನ ಸಂದುಗಳಲ್ಲಿ ಧೂಳು ಮೆತ್ತಿಕೊಂಡಿತ್ತು. ಒಳಗಿನ ಬಿಸಿ ಮಿತಿಮೀರಿದರೆ ಯಂತ್ರ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಆಹಾ, ಕಳ್ಳ ಸಿಕ್ಕಿದ ಎಂದುಕೊಂಡೆ. ಬ್ರಷ್ಷಿನಿಂದ ಗುಡಿಸಿ, ಬ್ಲೋವರ್ ಹಿಡಿದೆ. ಹೀಟ್‌ಸಿಂಕನ್ನು ಎತ್ತಿ, ಶಾಖ ದಾಟಿಸಲು ನಡುವೆ ಹಚ್ಚಿದ್ದ, ಒಣಗಿ ಹೊಪ್ಪಳೆಯಾಗಿದ್ದ ಹಳೆಯ ಪೇಸ್ಟನ್ನು ಒರೆಸಿ ತೆಗೆದೆ. ಹೊಸ ಪೇಸ್ಟನ್ನು ತೆಳ್ಳಗೆ ಹಚ್ಚಿ, ನಾಲ್ಕೂ ಕಾಲುಗಳು ಟಕ್ ಎಂದು ಕೂತದ್ದನ್ನು ಕೇಳಿಸಿಕೊಂಡು ಮುಚ್ಚಿದೆ. ಅನುಮಾನ ಉಳಿಯಬಾರದೆಂದು ಪವರ್ ಸಪ್ಲೈಯನ್ನೂ ಬದಲಿಸಿದೆ. ಊಟದ ಹೊತ್ತಿನವರೆಗೆ ಓಡಿಸಿದರೂ ಶಾಖ ಎಷ್ಟು ಬೇಕೋ ಅಷ್ಟೇ. ಗೆದ್ದೆ ಎಂದು ಎದ್ದು ಬಂದೆ.

ನವಮಿಯ ದಿನ ಸೊಸೆ ಮತ್ತೆ ಅಂಗಡಿಯ ಬಾಗಿಲಲ್ಲಿ. "ಅಣ್ಣಾ, ಫಿರ್ ವಹೀ, ಮತ್ತೆ ಅದೇ. ಅನುವಾಕದ ನಡುವೆ."

ಅನುವಾಕವೆಂದರೆ ವೇದದ ಒಂದು ಪಾಠಭಾಗ. ಘನದಲ್ಲಿ ಹೇಳುವಾಗ ಅದು ಬಹಳ ಹೊತ್ತು ಹಿಡಿಯುತ್ತದೆ. ಅವರ ಮನೆಯ ಕಟ್ಟುನಿಟ್ಟಿನಲ್ಲಿ, ಶುರು ಮಾಡಿದ ಅನುವಾಕವನ್ನು ನಡುವೆ ಬಿಡುವ ಹಾಗಿಲ್ಲ. ಅರ್ಧ ಮುದ್ರಣವಾದದ್ದನ್ನು ಇಟ್ಟುಕೊಂಡು ಮುಂದಿನ ಅರ್ಧವನ್ನು ಅಂಟಿಸುವ ಹಾಗೂ ಇಲ್ಲ. ಅಂದರೆ ಯಂತ್ರ ಆರಿದಾಗಲೆಲ್ಲ ಅವರು ಮೊದಲಿನಿಂದ ಹೇಳಬೇಕು. ಎಷ್ಟು ಉಳಿದಿದೆಯೋ ಗೊತ್ತಿಲ್ಲದ ಧ್ವನಿಯನ್ನು ನನ್ನ ರಿಪೇರಿ ಹೀಗೆ ವ್ಯರ್ಥವಾಗಿ ಸುರಿಸುತ್ತಿತ್ತು.

ಚತುರ್ದಶಿ, ಹುಣ್ಣಿಮೆ, ಪಾಡ್ಯ ಒಟ್ಟಿಗೆ ಬಂದವು. ಸತತ ಅನಧ್ಯಯನ. ಕ್ಯಾಬಿನೆಟ್ಟನ್ನು ಕೂಲಿಯವನ ತಲೆಯ ಮೇಲಿರಿಸಿ ಗಲ್ಲಿಗಳನ್ನು ದಾಟಿಸಿ ಅಂಗಡಿಗೆ ತಂದೆ. ನನ್ನ ಅಂಗಡಿಗೆ ತಗಡಿನ ಸೂರು. ಮಧ್ಯಾಹ್ನ ಲೂ ಎಂಬ ಬಿಸಿಗಾಳಿ ಬೀಸಿದರೆ ಒಳಗೆ ಕೂತವನೇ ಬೇಯುತ್ತಾನೆ. ಅಲ್ಲಿ ಅದಕ್ಕೆ ಉಸಿರಾಡಲು ಬಿಡದಂತೆ ಭಾರೀ ಲೆಕ್ಕಗಳ ಒಂದು ಪ್ರೋಗ್ರಾಮನ್ನು ಕೊಟ್ಟು ಓಡಿಸಿದೆ. ಮೆಮೊರಿ ಬದಲಿಸಿ ನೋಡಿದೆ. ಮದರ್‌ಬೋರ್ಡಿನ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಒಂದೊಂದನ್ನೂ ಟಾರ್ಚು ಹಿಡಿದು ನೋಡಿದೆ. ಎಲ್ಲ ಸರಿಯಾಗಿತ್ತು. ಆ ಯಂತ್ರ ಒಮ್ಮೆಯೂ ಆರಲಿಲ್ಲ. ವಾಪಸು ಕೊಟ್ಟೆ. ಬಿದಿಗೆಯ ದಿನ ಘನಪಾಠಿಗಳ ಎದುರು ಅದು ಮತ್ತೆ ಕಣ್ಣು ಮುಚ್ಚಿತು.

ನನಗೆ ತಲೆ ಕೆಟ್ಟುಹೋಯಿತು. ಪಾಠದ ತಿಥಿಗಳಲ್ಲೆಲ್ಲ ಆರಿ, ಅನಧ್ಯಯನದ ದಿನ ಮಾತ್ರ ನಿಯಮ ಪಾಲಿಸುವ ಕಂಪ್ಯೂಟರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೊಸೆಯ ಹತ್ತಿರ ಹೇಳಿದೆ: "ನಾನು ಪಾಠದ ದಿನವೇ ಬಂದು ನೋಡಬೇಕು. ಇಲ್ಲದಿದ್ರೆ ಇದು ಬಗೆಹರಿಯೋದಿಲ್ಲ." ಆಕೆ ಒಳಗೆ ಹೋಗಿ ಕೇಳಿಕೊಂಡು ಬಂದಳು. ಅಪ್ಪಣೆ ಸಿಕ್ಕಿತು, ಷರತ್ತಿನೊಂದಿಗೆ. ಸ್ನಾನ ಮಾಡಿ ಬರಬೇಕು, ಮೂಲೆಯಲ್ಲಿ ಕೂತಿರಬೇಕು, ಮುಗಿಯುವವರೆಗೆ ತುಟಿ ಬಿಚ್ಚಕೂಡದು.

ಮರುದಿನ ಕೇದಾರ ಘಾಟಿನಲ್ಲಿ ಮುಳುಗಿ, ಪಂಚೆ ಉಟ್ಟು ಹೋದೆ. ಘನಪಾಠಿಗಳು ಚಾಪೆಯ ಮೇಲೆ ಬಂದು ಕುಳಿತರು. ಕೃಶ ದೇಹ, ಕತ್ತಿಗೆ ಒಂದು ಬಿಳಿ ವಸ್ತ್ರ ಸುತ್ತಿದ್ದರು. ನನ್ನನ್ನು ನೋಡಿ "ಬಾಪ್ಪಾ. ನಿನ್ನ ರೋಗಿಯ ಪಕ್ಕದಲ್ಲೇ ಕೂತ್ಕೋ" ಎಂದರು. ಸೊಸೆ ತಯಾರಿ ಶುರು ಮಾಡಿದಳು. ಗಲ್ಲಿಯ ಸದ್ದು ಬಾರದಂತೆ ಕಿಟಕಿ ಮುಚ್ಚಿದಳು. ಬಾಗಿಲಿಗೆ ಪರದೆ ಎಳೆದಳು. ಕೂಲರ್ ಆರಿಸಿದಳು, ಸೀಲಿಂಗ್ ಫ್ಯಾನ್ ಆರಿಸಿದಳು. ಮೈಕನ್ನು ಮಾವನ ಮುಂದೆ ಸರಿಸಿ, ಮುದ್ರಣದ ಗುಂಡಿ ಒತ್ತಿದಳು. ಆಮೇಲೆ ಅಟ್ಟದಿಂದ ಚಳಿಗಾಲದ ದಪ್ಪ ಹತ್ತಿಯ ರಜಾಯಿಯನ್ನು ಇಳಿಸಿದಳು. ಅದನ್ನು ಕ್ಯಾಬಿನೆಟ್ಟಿಗೆ ಸುತ್ತಲೂ ಹೊದಿಸಿ, ಅಂಚುಗಳನ್ನು ಕೆಳಗೆ ಸಿಕ್ಕಿಸಿ, ಮೇಲೊಮ್ಮೆ ತಟ್ಟಿದಳು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಘನಪಾಠಿಗಳು "ಹರಿಃ ಓಂ" ಎಂದಾಗಿತ್ತು.

ಅಲ್ಲಿಂದ ಮುಂದಿನದು ನನ್ನ ಕಸುಬಿನಲ್ಲೇ ನಾನು ಕಂಡ ಅತಿ ವಿಚಿತ್ರ ಹೊತ್ತು. ಕಣ್ಣೆದುರೇ ಪ್ರೊಸೆಸರ್ ಬೇಯುತ್ತಿದೆ, ಕಾರಣ ಗೊತ್ತಿದೆ, ಕೈಚಾಚಿದರೆ ರಜಾಯಿ ಸಿಗುತ್ತದೆ, ಆದರೂ ಅಲ್ಲಾಡುವ ಹಾಗಿಲ್ಲ. ಬೆವರು ಒರೆಸಿಕೊಳ್ಳಲೂ ಹೆದರಿ ಕುಳಿತೆ. ಕುಳಿತವನಿಗೆ ಕೇಳುವುದೊಂದೇ ಕೆಲಸ ಉಳಿಯಿತು. ಹುಟ್ಟಿದಾರಭ್ಯ ಮಂತ್ರ ಕೇಳಿಕೊಂಡೇ ಬೆಳೆದಿದ್ದೇನೆ, ಹಾಗೆ ಕೂತು ಕೇಳಿದ್ದು ಅದೇ ಮೊದಲು. ಎರಡು ಪದ ಮುಂದೆ, ಎರಡು ಹಿಂದೆ, ಮತ್ತೆ ಮೂರು ಮುಂದೆ. ಆ ಮುದುಕರು ಎಲ್ಲೂ ತಡವರಿಸಲಿಲ್ಲ, ಎಲ್ಲೂ ಅವಸರಿಸಲಿಲ್ಲ. ಗಂಟಲು ನೋಯುತ್ತಿದ್ದಿರಬೇಕು, ಕತ್ತಿನ ನರ ಎದ್ದು ಕಾಣುತ್ತಿತ್ತು. ಸ್ವರದಲ್ಲಿ ಮಾತ್ರ ನೋವಿನ ಸುಳಿವೂ ಇರಲಿಲ್ಲ.

ಖಟ್. ಕಂಪ್ಯೂಟರಿನ ಪರದೆ ಕಪ್ಪಾಯಿತು. ಸೊಸೆ ಕಣ್ಣು ಮುಚ್ಚಿಕೊಂಡಳು. ಘನಪಾಠಿಗಳು ಕಂಡರೂ ಕಾಣದವರಂತೆ ಮುಂದುವರಿಸಿದರು. ಯಾರೂ ಮುದ್ರಿಸಿಕೊಳ್ಳುತ್ತಿಲ್ಲ, ಇದೆಲ್ಲ ನಾಳೆ ಮತ್ತೆ ಹೇಳಬೇಕಾದದ್ದೇ ಎಂದು ತಿಳಿದೂ, ಒಂದು ಸ್ವರವನ್ನೂ ಉಳಿತಾಯ ಮಾಡದೆ ಅನುವಾಕವನ್ನು ಕೊನೆ ಮುಟ್ಟಿಸಿದರು. ನಾನು ಆ ಜಾಗದಲ್ಲಿದ್ದಿದ್ದರೆ ಕಂಪ್ಯೂಟರನ್ನು ಗಂಗೆಗೆ ಎಸೆದುಬಿಡುತ್ತಿದ್ದೆ. ಅವತ್ತಿನಿಂದ ಘನಪಾಠಿಗಳ ಮೇಲೆ ನನಗೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಮುಗಿದದ್ದೇ ತಡ ನಾನು ಸಿಡಿದೆ. "ರಜಾಯಿ! ಜೇಠದ ಬಿಸಿಲಲ್ಲಿ ಕಂಪ್ಯೂಟರ್‌ಗೆ ರಜಾಯಿ ಹೊದಿಸ್ತೀರಲ್ಲ ತಾಯಿ! ಅದರ ಫ್ಯಾನಿಗೆ ಗಾಳಿ ಎಲ್ಲಿಂದ ಬರಬೇಕು? ಒಳಗಿನ ಬಿಸಿ ಎಲ್ಲಿಗೆ ಹೋಗಬೇಕು?"

ಸೊಸೆ ಮುಖ ಸಣ್ಣದು ಮಾಡಲಿಲ್ಲ, ಜಗಳಕ್ಕೂ ಬರಲಿಲ್ಲ. "ಒಂದು ನಿಮಿಷ ಕೇಳಿ ಅಣ್ಣಾ" ಎಂದು ರಜಾಯಿ ತೆಗೆದು, ಯಂತ್ರ ತಣಿದ ಮೇಲೆ ಶುರು ಮಾಡಿ, ಮೊತ್ತಮೊದಲ ದಿನಗಳ ಒಂದು ಮುದ್ರಣವನ್ನು ಹಾಕಿದಳು. ಆಗಿನ್ನೂ ರಜಾಯಿ ಇರಲಿಲ್ಲವಂತೆ. ಅನುವಾಕದ ಆರಂಭವನ್ನು ಕೇಳಿಸಿದಳು, ಕೂಡಲೇ ಕೊನೆಯನ್ನು ಕೇಳಿಸಿದಳು. ನನಗೂ ಗೊತ್ತಾಯಿತು. ಕೊನೆಯಲ್ಲಿ ಘನಪಾಠಿಗಳ ಸ್ವರ ಮೊದಲಿಗಿಂತ ಸ್ಪಷ್ಟವಾಗಿ ಮೇಲೇರಿತ್ತು. ಅದರ ಹಿಂದೆ ಕಂಪ್ಯೂಟರಿನೊಳಗಿನ ಫ್ಯಾನಿನ ಗುಂಯ್‌ಗುಡುವ ಸದ್ದೂ ಅಷ್ಟೇ ಮೇಲೇರಿತ್ತು.

ಪ್ರೊಸೆಸರ್ ಬಿಸಿಯಾದಷ್ಟೂ ಅದರ ಫ್ಯಾನ್ ತಾನಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತದೆ. ವೇಗ ಹೆಚ್ಚಿದಂತೆ ಅದರ ನಾದ ಏರುತ್ತದೆ. ಇದು ನನಗೆ ದಿನನಿತ್ಯದ ವಿಷಯ. ಆ ನಾದದ ಪಕ್ಕದಲ್ಲಿ ಕುಳಿತ ಮನುಷ್ಯನಿಗೆ ಏನಾಗುತ್ತದೆ ಎಂದು ಮಾತ್ರ ನಾನೆಂದೂ ಯೋಚಿಸಿರಲಿಲ್ಲ.

"ಅದು ಏರಿದ ಹಾಗೆ ನಾನೂ ಏರ್ತೇನಪ್ಪಾ," ಎಂದರು ಘನಪಾಠಿಗಳು. ಕೆಟ್ಟ ಅಭ್ಯಾಸವನ್ನು ಒಪ್ಪಿಕೊಳ್ಳುವವರ ಹಾಗೆ ನಗುತ್ತಿದ್ದರು. "ಬೇಡ ಅಂದ್ಕೊಂಡ್ರೂ ಏರ್ತೇನೆ. ಹುಡುಗನಾಗಿದ್ದಾಗಿಂದ ಪಕ್ಕದವರ ಸ್ವರಕ್ಕೆ ಸ್ವರ ಸೇರಿಸಿ ಹೇಳಿದ ಗಂಟಲು ಇದು. ಪಕ್ಕದಲ್ಲಿ ಇರೋದು ಮನುಷ್ಯನೋ ಯಂತ್ರವೋ, ಇದಕ್ಕೆ ತಿಳಿಯೋಲ್ಲ."

"ಡಾಕ್ಟರ್ ಸ್ವರ ಏರಿಸಬೇಡಿ ಅಂದಿದ್ದಾರೆ. ಅದಕ್ಕೇ ಸದ್ದು ಕೇಳಬಾರದು ಅಂತ ಹೊದಿಸಿದೆ," ಎಂದಳು ಸೊಸೆ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಏರಿಕೆಯನ್ನು ಹಿಡಿದದ್ದು ಅವಳ ಕಿವಿ, ಕಾರಣವನ್ನು ಹುಡುಕಿದ್ದು ಅವಳ ತಲೆ. ತಪ್ಪಿದ್ದು ಔಷಧಿ ಒಂದೇ. ಅನಧ್ಯಯನದ ದಿನ ರಜಾಯಿಗೆ ಕೆಲಸವಿಲ್ಲದ್ದರಿಂದ ಅದು ಅಟ್ಟ ಸೇರುತ್ತಿತ್ತು. ನಾನು ಹೋಗುತ್ತಿದ್ದದ್ದು ಅಂಥ ದಿನಗಳಲ್ಲೇ.

ಈಗ ಸಮಸ್ಯೆಯ ಮುಖವೇ ಬದಲಾಯಿತು. ಹೊದಿಸಿದರೆ ಯಂತ್ರ ಸಾಯುತ್ತದೆ, ತೆರೆದಿಟ್ಟರೆ ಗಂಟಲು ಹೋಗುತ್ತದೆ. ಮೊದಲಿಗೆ ಹೊಳೆದದ್ದು ಕ್ಯಾಬಿನೆಟ್ಟನ್ನು ಕೋಣೆಯಿಂದಲೇ ಗಡೀಪಾರು ಮಾಡುವುದು. ಉದ್ದದ ಕೇಬಲ್ಲುಗಳನ್ನು ತಂದು, ಕಿಟಕಿಯ ಜಾಲಿಯಿಂದ ಹಾಯಿಸಿ, ಹೊರಗಿನ ಜಗಲಿಯಲ್ಲಿ ಇಟ್ಟೆ. ಮೈಕಿನ ತಂತಿ ಉದ್ದವಾದ ಕೂಡಲೇ ಮುದ್ರಣದಲ್ಲಿ ವಿದ್ಯುತ್ತಿನ ಝೇಂಕಾರ ಸೇರಿಕೊಂಡಿತು. ಆ ಹಳೆಯ ಮನೆಗೆ ಅರ್ಥಿಂಗ್ ಎಂಬುದೇ ಇರಲಿಲ್ಲ. ಅದಕ್ಕೆ ಒಂದು ದಾರಿ ಮಾಡೋಣ ಎಂದು ನಾನು ಲೆಕ್ಕ ಹಾಕುತ್ತಿರುವಾಗಲೇ ಒಂದು ಕೋತಿ ಜಗಲಿಗೆ ಇಳಿದು, ಕೀಬೋರ್ಡಿನ ತಂತಿಯನ್ನು ಕಿತ್ತು, ಅದನ್ನು ಕಚ್ಚಿ ರುಚಿ ನೋಡಿ, ಬೇಡವಾಗಿ ಪಕ್ಕದ ಮನೆಯ ಮೇಲೆ ಬಿಸಾಡಿ ಹೋಯಿತು. ಕ್ಯಾಬಿನೆಟ್ಟು ಒಳಗೆ ಬಂತು. ಗಂಗಾ ದಸರಾ ಹತ್ತಿರವಾಗುತ್ತಿತ್ತು. ದೊಡ್ಡ ತಾಮ್ರದ ಹೀಟ್‌ಸಿಂಕನ್ನು ದೆಹಲಿಯಿಂದ ತರಿಸಬಹುದಿತ್ತು, ಅದು ಬರುವ ಹೊತ್ತಿಗೆ ಆಪರೇಷನ್ನೇ ಮುಗಿದಿರುತ್ತಿತ್ತು.

ಅಂಗಡಿಯಲ್ಲಿ ಚಹಾ ಆರಿಸಿಕೊಂಡು ಕೂತಿದ್ದಾಗ ನನ್ನನ್ನು ನಾನೇ ಕೇಳಿಕೊಂಡೆ. ಈ ಪ್ರೊಸೆಸರ್ ಇಷ್ಟು ಬಿಸಿಯಾಗುವುದು ಯಾಕೆ? ವೇಗಕ್ಕೆ. ಒಬ್ಬ ಮನುಷ್ಯನ ಧ್ವನಿಯನ್ನು ಬರೆದುಕೊಳ್ಳಲು ಅಷ್ಟು ವೇಗ ಯಾರಿಗೆ ಬೇಕು? ಅಂಗಡಿಗೆ ಬಂದವರೆಲ್ಲ ಕಂಪ್ಯೂಟರ್ ಓಡಬೇಕು, ಇನ್ನೂ ಓಡಬೇಕು ಎಂದು ಕಾಡುವವರೇ. ಯಂತ್ರವನ್ನು ನಿಧಾನ ಮಾಡುವ ಯೋಚನೆ ನನ್ನ ತಲೆಗೆ ಬಂದದ್ದು ಅದೇ ಮೊದಲು. ವೇಗ ಇಳಿದರೆ ಬಿಸಿ ಇಳಿಯುತ್ತದೆ. ಬಿಸಿ ಇಳಿದರೆ ಫ್ಯಾನನ್ನು ಒಂದೇ ಮೆಲುವಾದ ವೇಗದಲ್ಲಿ ಕಟ್ಟಿಹಾಕಬಹುದು. ಏರದ ಫ್ಯಾನು ಯಾರನ್ನೂ ಏರಿಸುವುದಿಲ್ಲ.

ರೇಡಿಯೋ ರಿಪೇರಿಯ ಪರಿಚಯದವನ ಹತ್ತಿರ ಹೋಗಿ ವೋಲ್ಟೇಜನ್ನು ಹೆಚ್ಚು ಕಡಿಮೆ ಮಾಡುವ ಒಂದು ಚಿಕ್ಕ ಸರ್ಕಿಟ್ಟು, ಅದಕ್ಕೊಂದು ತಿರುಗಿಸುವ ಗುಂಡಿ ಕೇಳಿದೆ. "ಕಾ ಗುರು, ಅಬ್ ಕಂಪ್ಯೂಟರ್ ಮೇಂ ಭೀ ರೆಗ್ಯುಲೇಟರ್?" ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಚೆನ್ನಾಗಿ ಬೆಸುಗೆ ಹಾಕಿಕೊಟ್ಟ.

ಮುಂದಿನ ಅಷ್ಟಮಿಗೆ ಹೋಗಿ, ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಪ್ರೊಸೆಸರಿನ ವೇಗವನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಿದೆ. ಫ್ಯಾನಿನ ತಂತಿಯನ್ನು ಮದರ್‌ಬೋರ್ಡಿನ ಹಿಡಿತದಿಂದ ಬಿಡಿಸಿ ಗುಂಡಿಗೆ ಜೋಡಿಸಿದೆ. ವೇಗದ ಲೆಕ್ಕ ಕೊಡುವ ತಂತಿಯನ್ನಷ್ಟೇ ಅದರ ಜಾಗದಲ್ಲಿ ಬಿಟ್ಟೆ. ಶುರು ಮಾಡಿದರೆ ಕಂಪ್ಯೂಟರ್ ಕೀಂವ್ ಕೀಂವ್ ಎಂದು ಕಿರುಚಿಕೊಂಡಿತು. ಫ್ಯಾನ್ ಇಷ್ಟು ನಿಧಾನವಾಗಿದೆಯಲ್ಲ, ಸತ್ತೇಹೋಗಿದೆ ಎಂದು ಅದರ ಅಭಿಪ್ರಾಯ. ಬಾಯಿ ಮುಚ್ಚಿಸಬೇಕಾದರೆ ಎಚ್ಚರಿಕೆಯ ಗಂಟೆಯನ್ನೇ ಕಿತ್ತುಹಾಕಬೇಕು. ನಿಜವಾಗಿ ಫ್ಯಾನ್ ನಿಂತರೂ ಆಮೇಲೆ ಹೇಳುವವರಿಲ್ಲ. ಬೇರೆ ಯಾರ ಕಂಪ್ಯೂಟರಿಗೂ ನಾನು ಇಂಥ ಕೆಲಸ ಮಾಡಿದವನಲ್ಲ. ಗಂಟೆಯನ್ನು ಆರಿಸಿದೆ. ಅದರ ಬದಲು ಪ್ರತಿ ಪಾಠಕ್ಕೂ ನಾನೇ ಬಂದು ಪಕ್ಕದಲ್ಲಿ ಕೂರುತ್ತೇನೆ ಎಂದು ಹೇಳಿದೆ.

ಸುಮ್ಮನೆ ಕೇಳುತ್ತ ಕೂತಿದ್ದ ಘನಪಾಠಿಗಳು, ನಾನು ಗುಂಡಿ ತಿರುಗಿಸುವಾಗ ಫ್ಯಾನಿನ ನಾದ ಇಳಿಯುವುದನ್ನು ಕೇಳಿ ಚಾಪೆಯಿಂದ ಮುಂದೆ ಬಾಗಿದರು.

"ತಡಿ ತಡಿ. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದೋ ಇದನ್ನ?"

"ನಿಲ್ಲಿಸಬಹುದು ಗುರುಗಳೇ. ತೀರಾ ಕೆಳಗೆ ಹೋದ್ರೆ ಬಿಸಿ ಏರುತ್ತೆ, ಅಷ್ಟೇ."

"ಹಾಗಾದ್ರೆ ಅದು ನನ್ನ ಜೊತೆ ಕೂತು ಹೇಳಲಿ. ಹೊರಗಟ್ಟೋದು ಯಾಕೆ?" ಎಂದವರು ನನ್ನ ಮುಖ ನೋಡಿ ವಿವರಿಸಿದರು. "ಇವತ್ತು ವೇದ ಹೇಳಕೂಡದು. 'ಆ' ಅನ್ನೋದಕ್ಕೆ ಅಡ್ಡಿಯಿಲ್ಲ."

ಮೆಲ್ಲಗೆ, ನೋವಾಗದ ಎತ್ತರದಲ್ಲಿ 'ಆ' ಹಿಡಿದರು. ನಾನು ಗುಂಡಿಯನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿದೆ. ಎರಡೂ ನಾದಗಳು ಮೊದಲು ಒಂದನ್ನೊಂದು ತಳ್ಳಾಡಿದವು, ಆಮೇಲೆ ತಳ್ಳಾಟ ನಿಧಾನವಾಗಿ ನಿಂತಿತು. ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದೆ ಎನ್ನುವುದೇ ಗೊತ್ತಾಗದಂತಾಯಿತು. ಸೊಸೆ "ಮಿಲ್ ಗಯಾ, ಸೇರಿಹೋಯ್ತು" ಎಂದಳು. ಫ್ಯಾನಿನ ಸದ್ದನ್ನು ಅಡಗಿಸಲು ನಾನು ಇಷ್ಟು ದಿನ ಒದ್ದಾಡಿದೆ. ಘನಪಾಠಿಗಳಿಗೆ ಅದನ್ನು ಸಹಪಾಠಿ ಮಾಡಿಕೊಳ್ಳಲು ತೋಚಿತು. ನನಗೆ ಎದ್ದು ಕಾಲಿಗೆ ಬೀಳಬೇಕೆನ್ನಿಸಿತು, ಬಿದ್ದೆ ಕೂಡ.

ನವಮಿಯ ದಿನ, ರಜಾಯಿ ಬಂದ ಮೇಲೆ ಮೊದಲ ಬಾರಿಗೆ, ಅನುವಾಕ ತಡೆಯಿಲ್ಲದೆ ಮುದ್ರಣವಾಯಿತು. ಪರದೆಯ ಮೂಲೆಯಲ್ಲಿ ಶಾಖದ ಅಂಕಿಯನ್ನು ಕಣ್ಣು ಮಿಟುಕಿಸದೆ ನೋಡುತ್ತ ಕುಳಿತಿದ್ದೆ. ಮುಚ್ಚಿದ ಕೋಣೆಯ ಸೆಕೆಗೆ ಅದು ಏರಿತು, ಒಂದು ಕಡೆ ನಿಂತಿತು, ಅಲ್ಲಿಂದ ಮೇಲೆ ಹೋಗಲಿಲ್ಲ. ಘನಪಾಠಿಗಳ ಸ್ವರವೂ ಶುರುವಿನಲ್ಲಿ ಎಲ್ಲಿತ್ತೋ ಕೊನೆಯಲ್ಲಿ ಅಲ್ಲೇ ಇತ್ತು. ಅವರು ನೀರು ಕುಡಿದು, ಸ್ವಲ್ಪ ದಣಿವಾರಿಸಿಕೊಂಡು, "ಇನ್ನೊಂದು ಹೇಳಬಹುದು" ಎಂದರು.

ಅಲ್ಲಿಂದ ಗಂಗಾ ದಸರಾದವರೆಗೆ ನನ್ನ ಅಂಗಡಿ ಮಧ್ಯಾಹ್ನದ ಮೇಲೇ ತೆರೆಯುತ್ತಿದ್ದದ್ದು. ಗಿರಾಕಿಗಳು ಬೈದರು, ಬೈಸಿಕೊಂಡೆ. ದಿನದಿಂದ ದಿನಕ್ಕೆ ಘನಪಾಠಿಗಳ ಧ್ವನಿ ಒರಟಾಗುತ್ತಿತ್ತು. ಹೇಳಿದ್ದರಲ್ಲಿ ಒಂದು ಸ್ವರ ಹದ ತಪ್ಪಿತೆಂದು ಅವರಿಗೆ ಅನ್ನಿಸಿದರೆ, ಬೇರೆ ಯಾರಿಗೂ ತಿಳಿಯದಿದ್ದರೂ, ಅಳಿಸಿ ಹಾಕಿಸಿ ಇಡೀ ಅನುವಾಕವನ್ನು ಮತ್ತೆ ಹೇಳುತ್ತಿದ್ದರು. "ಹುಡುಗರು ಇದನ್ನೇ ಕಲೀತಾರೆ. ತಪ್ಪನ್ನೂ ಇಷ್ಟೇ ಶ್ರದ್ಧೆಯಿಂದ ಕಲೀತಾರೆ" ಎಂಬುದು ಅವರ ಸಮಜಾಯಿಷಿ. ಆ ಶಿಷ್ಯರಿಗೆ ಬೇಕಾದ ಕೊನೆಯ ಅನುವಾಕ ಮುಗಿದ ಬೆಳಿಗ್ಗೆ, ಕತ್ತಿನ ವಸ್ತ್ರವನ್ನು ಬಿಚ್ಚಿ ಮಡಚಿಟ್ಟು, "ಇನ್ನು ಡಾಕ್ಟರು ಬೇಕಾದ್ದು ಮಾಡಿಕೊಳ್ಳಲಿ" ಎಂದು ಎದ್ದರು.

ಆಪರೇಷನ್ ಆಯಿತು. ಗಂಟು ಹೋಯಿತು, ಜೀವಕ್ಕೆ ಅಪಾಯವಿಲ್ಲ ಎಂದರು. ಧ್ವನಿಯ ಮಾತು ಯಾರೂ ಎತ್ತಲಿಲ್ಲ. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ನಡುನಡುವೆ ಹೋದಾಗ ಶಿಷ್ಯರಿಬ್ಬರೂ ಕಂಪ್ಯೂಟರಿನ ಮುಂದೆ ಕೂತು ಕೇಳಿ ಹೇಳುತ್ತಿರುತ್ತಿದ್ದರು. ಘನಪಾಠಿಗಳು ಗೋಡೆಗೆ ಒರಗಿ, ತಪ್ಪಿದ ಕಡೆ ಬೆರಳಿನಿಂದ ನೆಲ ತಟ್ಟಿ, ಕೈ ಎತ್ತಿ ಇಳಿಸಿ ಸ್ವರ ತೋರಿಸುತ್ತಿದ್ದರು. ಅಷ್ಟೂ ತಿಂಗಳಲ್ಲಿ ಅವರ ಬಾಯಿಂದ ಒಂದು ಶಬ್ದವನ್ನೂ ನಾನು ಕೇಳಲಿಲ್ಲ. ನೋಡಲಾಗದೆ, ಕೆಲಸವಿದೆ ಎಂದು ಬೇಗ ಎದ್ದು ಬರುತ್ತಿದ್ದೆ.

ಮಾಘದ ಕೊರೆಯುವ ಚಳಿಯಲ್ಲಿ ಒಂದು ಬೆಳಿಗ್ಗೆ ಸೊಸೆ ಅಂಗಡಿಗೆ ಬಂದಳು.

"ಮತ್ತೆ ಆರಿಹೋಯ್ತಾ?" ಎಂದೆ.

"ಇಲ್ಲ, ಮೆಷೀನ್ ಏಕ್‌ದಮ್ ಠೀಕ್. ಮಾವ ಕರೀತಿದ್ದಾರೆ. ಸ್ಕ್ರೂಡ್ರೈವರ್ ತಗೊಂಡು ಬನ್ನಿ."

ಹೋದೆ. ಕಿಟಕಿ ಮುಚ್ಚಿತ್ತು, ಮೈಕು ಚಾಪೆಯ ಮುಂದೆ ಇತ್ತು, ಕಂಪ್ಯೂಟರ್ ಓಡುತ್ತಿತ್ತು. ಘನಪಾಠಿಗಳು ಶಾಲು ಹೊದ್ದು ಕುಳಿತಿದ್ದರು.

"ಬಾಪ್ಪಾ" ಎಂದರು.

ಆ ಸ್ವರ ನನಗೆ ಗುರುತೇ ಸಿಗಲಿಲ್ಲ. ತುಂಬ ಕೆಳಗಿನದು, ಅಂಚಿನಲ್ಲಿ ಸ್ವಲ್ಪ ಸವೆದದ್ದು. ಆದರೆ ಅಲ್ಲಾಡದೆ ನಿಲ್ಲುವ ಸ್ವರ.

"ಮುಂದಿನ ಪಾಠ ಶುರು ಮಾಡೋಣ ಅಂತ," ಎಂದರು. "ನಿನ್ನ ಯಂತ್ರ ಈಗ ನನ್ನ ಸ್ವರಕ್ಕಿಂತ ಮೇಲಾಯ್ತು. ಸ್ವಲ್ಪ ಇಳಿಸಿ ಕೊಡು."

ಕಣ್ಣು ತುಂಬಿಬಂತು. ಅದು ಕಾಣದಿರಲಿ ಎಂದು ಕ್ಯಾಬಿನೆಟ್ಟಿನ ಹಿಂದಕ್ಕೆ ತಲೆ ಹಾಕಿ ಗುಂಡಿ ತಡಕಿದೆ. ಈ ಚಳಿಯಲ್ಲಿ ಫ್ಯಾನನ್ನು ಎಷ್ಟು ಇಳಿಸಿದರೂ ಪ್ರೊಸೆಸರಿಗೆ ಭಯವಿರಲಿಲ್ಲ. ನನ್ನ ಬೆನ್ನ ಹಿಂದೆ ಅವರು 'ಆ' ಹಿಡಿದರು. ನಾನು ತಿರುಗಿಸಿದೆ.

"ಇನ್ನೂ ಸ್ವಲ್ಪ" ಎಂದರು.

ಇನ್ನೂ ಸ್ವಲ್ಪ ಇಳಿಸಿದೆ.